ನಾನು ಗುಂಡು ಹೊಡೆದೆ, ತಂಗಿ ಆರ್ ಒತ್ತಿದಳು

ಹೋದ ವಾರ ನಾನು ಹನ್ನೊಂದು ಸಲ ಸತ್ತೆ.

ಏಳು ಸಲ ಗುಂಡು ತಾಗಿ, ಎರಡು ಸಲ ಬಾಂಬು ಬಿದ್ದು, ಒಂದು ಸಲ ಮಾಳಿಗೆ ಮೇಲಿಂದ ಕಾಲು ಜಾರಿ. ಉಳಿದ ಒಂದು ಸಲ ನಾನೇ ಎಸೆದ ಬಾಂಬು ಎದುರಿನ ಗೋಡೆಗೆ ಬಡಿದು ವಾಪಸ್ ನನ್ನ ಕಾಲ ಬುಡಕ್ಕೇ ಬಂತು. ಇಷ್ಟೆಲ್ಲ ನಡೆದದ್ದು ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಚಾಪೆಯ ಮೇಲೆ, ಮಗ್ಗುಲಲ್ಲಿ ಶೇಂಗಾ ಉಂಡಿಯ ತಾಟು ಇಟ್ಟುಕೊಂಡು.

ಗಾಬರಿಯಾಗಬೇಡಿ, ಆಟದ ಮಾತು. ನಾಗರ ಪಂಚಮಿಗೆಂದು ತಂಗಿ ಸುವರ್ಣಾಳನ್ನು ಮುಧೋಳದಿಂದ ಕರೆತಂದಿದ್ದೆ. ಜತೆಗೆ ಅವಳ ಮಗಳು ಐಶ್ವರ್ಯಾ ಬಂದಳು. ಐಶ್ವರ್ಯಾಳ ಜತೆಗೆ ಅವಳ ಲ್ಯಾಪ್‌ಟಾಪ್ ಬಂತು. ಈ ಹುಡುಗಿ ಜಮಖಂಡಿಯಲ್ಲಿ ಬಿಸಿಎ ಓದುತ್ತಾಳೆ. ನಾನೋ, ನಿಮಗೆ ಗೊತ್ತೇ ಇದೆ, ಏಳನೇ ಇಯತ್ತೆ ಮುಗಿಸಿ ಮಗ್ಗದ ಮುಂದೆ ನಿಂತವನು. (ಈ ಅಂಕಣದ ಕಾಗುಣಿತವನ್ನು ಸಂಪಾದಕರು ತಿದ್ದುತ್ತಾರೆ. ಪುಣ್ಯಾತ್ಮರು.)

ಐಶ್ವರ್ಯಾ ಆಡುತ್ತಿದ್ದುದು ಬಂದೂಕಿನ ಆಟ. ಆಟಗಾರನ ಮುಖ ಕಾಣುವುದಿಲ್ಲ. ಪರದೆಯ ಕೆಳಗಿನಿಂದ ಒಂದು ಕೈ, ಕೈಯಲ್ಲಿ ಬಂದೂಕು. ಅಂದರೆ ನೋಡುವ ಕಣ್ಣೂ ನಿಮ್ಮದೇ, ಸಾಯುವ ಜೀವವೂ ನಿಮ್ಮದೇ.

"ಇಂಥಾದ್ದು ನಾನೂ ಆಡೀನಿ," ಅಂದೆ.

"ಹೌದ್ರೀ ಮಾಮಾ? ಯಾವಾಗ್ರಿ?"

"ನೀ ಹುಟ್ಟೂಕಿಂತ ಮದಲ."

ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ನನ್ನ ಹನ್ನೊಂದು ಮರಣಗಳು ಶುರುವಾದದ್ದು ಹೀಗೆ.

ನಮ್ಮ ಕಾಲದ ಆಟದಲ್ಲಿ ಏನಿತ್ತು? ನಾಲ್ಕು ಬಾಣದ ಬಟನ್. ಮುಂದೆ, ಹಿಂದೆ, ಎಡ, ಬಲ. ಕಂಟ್ರೋಲ್ ಒತ್ತಿದರೆ ಗುಂಡು, ಸ್ಪೇಸ್ ಒತ್ತಿದರೆ ಬಾಗಿಲು. ಮುಗಿಯಿತು. ತಲೆ ಎತ್ತಿ ನೋಡುವ ಪ್ರಶ್ನೆಯೇ ಇಲ್ಲ, ನೋಡಲು ಮೇಲೆ ಏನೂ ಇರುತ್ತಿರಲಿಲ್ಲ. ವೈರಿ ಯಾವಾಗಲೂ ಸರಿಯಾಗಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲುತ್ತಿದ್ದ. ಮರ್ಯಾದಸ್ಥ ವೈರಿ.

ಈಗಿನದರಲ್ಲಿ ಎಡಗೈ ನಾಲ್ಕು ಅಕ್ಷರಗಳ ಮೇಲೆ, ಬಲಗೈ ಮೌಸ್ ಮೇಲೆ. ನಡೆಯುವುದು ಒಂದು ಕೈ, ನೋಡುವುದು ಇನ್ನೊಂದು ಕೈ. ನಿಮ್ಮ ಕಾಲನ್ನೂ ಕತ್ತನ್ನೂ ಬೇರೆ ಬೇರೆ ಮಾಡಿ ಎರಡು ಕೈಗೆ ಕೊಟ್ಟರೆ ಹೇಗಿರುತ್ತದೆ, ಯೋಚಿಸಿ. ನಾನು ಮೊದಲ ಐದು ನಿಮಿಷ ಆಕಾಶ ನೋಡುತ್ತಲೇ ನಡೆದೆ. (ಆಕಾಶ ಮಾತ್ರ ಭಾಳ ಚೆನ್ನಾಗಿತ್ತು. ಮೋಡಗಳು ಸರಿಯುತ್ತವೆ.)

"ಮಾಮಾ, ನೆಲಾ ನೋಡ್ರಿ."

"ನೆಲಾ ಎಲ್ಲೈತಿ?"

"ಮೌಸ್ ಕೆಳಗ ಎಳೀರಿ."

ಎಳೆದೆ. ನನ್ನ ಕಾಲು ಕಂಡವು. "ಬೂಟ್ ಛಲೋ ಅದಾವಲ್ಲ," ಅಂದೆ. ಅಷ್ಟರಲ್ಲಿ ಸತ್ತೆ.

ಇನ್ನು ಉಳಿದ ಬಟನ್‌ಗಳನ್ನು ಕೇಳಬೇಡಿ. ಓಡಲು ಒಂದು, ಕೂಡಲು ಒಂದು, ಬೋರಲು ಮಲಗಲು ಒಂದು, ಜಿಗಿಯಲು ಒಂದು. ಜಾಸ್ತಿ ಓಡಿದರೆ ದಮ್ಮು ಹತ್ತುತ್ತದೆ. ಗುರಿ ಹಿಡಿಯಲು ಉಸಿರು ಬಿಗಿಹಿಡಿಯಬೇಕು, ಅದಕ್ಕೂ ಒಂದು ಬಟನ್. ಉಸಿರಾಡಲಿಕ್ಕೆ ಬಟನ್ ಬೇಕಾದ ಮೇಲೆ ಅದು ಆಟವೋ, ಆಸ್ಪತ್ರೆಯೋ? ಹಳೆಯ ಆಟದಲ್ಲಿ ನಾನು ನಾಲ್ಕು ಬಂದೂಕು ಹೆಗಲಿಗೇರಿಸಿಕೊಂಡು ದಿನವಿಡೀ ಓಡುತ್ತಿದ್ದೆ, ಒಮ್ಮೆಯೂ ಏದುಸಿರು ಬಿಡಲಿಲ್ಲ. ಗಾಯವಾದರೆ ನೆಲದ ಮೇಲೆ ಬಿದ್ದ ಊಟ ತಿನ್ನುತ್ತಿದ್ದೆ, ವಾಸಿಯಾಗುತ್ತಿತ್ತು. ಈಗಿನವರು ಗೋಡೆಯ ಹಿಂದೆ ಸುಮ್ಮನೆ ಕೂತು ವಾಸಿಯಾಗುತ್ತಾರೆ. ಊಟವೂ ಇಲ್ಲ, ಔಷಧವೂ ಇಲ್ಲ. ನನ್ನ ಬೆನ್ನುನೋವಿಗೆ ಇಂಥದೊಂದು ಗೋಡೆ ಎಲ್ಲಿಯಾದರೂ ಸಿಕ್ಕೀತೇ?

ಒಂಬತ್ತನೇ ಸಲ ಸಾಯುತ್ತಿದ್ದಾಗ ಸುವರ್ಣಾ ಅಡುಗೆ ಮನೆಯಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಎಡಕ್ಕೆ ಕೂತಳು. ಕೂತವಳೇ ತೋರುಬೆರಳನ್ನು ನೇರ 'ಆರ್' ಅಕ್ಷರದ ಮೇಲೆ ಇಟ್ಟಳು. ಹುಡುಕಲಿಲ್ಲ, ನೋಡಲೂ ಇಲ್ಲ. ಇಪ್ಪತ್ತೈದು ವರ್ಷದ ಮೇಲೆ ಬೆರಳು ತಾನಾಗಿಯೇ ಹೋಯಿತು.

ಒತ್ತಿದಳು. ಪರದೆಯ ಮೇಲಿನ ಕೈ ಬಂದೂಕಿನಿಂದ ಖಾಲಿ ಡಬ್ಬಿ ತೆಗೆದು, ತುಂಬಿದ್ದನ್ನು ಹಾಕಿ ಟಕ್ ಎಂದು ಸದ್ದು ಮಾಡಿತು.

ಐಶ್ವರ್ಯಾ ಬಾಯಿ ತೆರೆದಳು. "ಮಮ್ಮಿ, ನಿನಗ ರೀಲೋಡ್ ಬಟನ್ ಹೆಂಗ ಗೊತ್ತಾತು?"

"ಗೊತ್ತಿರದೇನ? ಎರಡು ವರ್ಷ ಇದನ್ನ ಮಾಡೀನಿ. ನಿಮ್ಮ ಮಾಮಾ ಬರೇ ಹೊಡ್ಯಾಂವ. ಕಂಡಿಕಿ ತುಂಬಿ ಕೊಡಾಕಿ ನಾನು. ನಾ ಇರಲಿಲ್ಲಂದ್ರ ಅಂವ ಮದಲನೇ ಬಾಗಲದಾಗ ಹೆಣಾ ಬೀಳ್ತಿದ್ದ. ಹೌದಿಲ್ಲೋ ಅಣ್ಣಾ?"

ನಾನು ಉಂಡಿ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದವನು ಉತ್ತರ ಕೊಡಬೇಕಾಗಿಲ್ಲವಲ್ಲ.

ಓದುಗರೇ, ನಮ್ಮ ಕಾಲದ ಆ ಆಟದಲ್ಲಿ ರೀಲೋಡ್ ಎಂಬುದೇ ಇರಲಿಲ್ಲ. ಗುಂಡು ಇರುವತನಕ ಹೊಡೆಯುವುದು, ಮುಗಿದರೆ ನೆಲದ ಮೇಲೆ ಬಿದ್ದದ್ದನ್ನು ತುಳಿದುಕೊಂಡು ಹೋಗುವುದು, ತಾನೇ ತುಂಬುತ್ತಿತ್ತು. ಆರ್ ಒತ್ತಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ನನ್ನ ತಂಗಿ ಎರಡು ವರ್ಷ ಏನೂ ಆಗದ ಬಟನ್ ಒತ್ತಿದಳು. ಒತ್ತಿಸಿದವನು ನಾನು.

ಹೇಗೆಂದು ಹೇಳುತ್ತೇನೆ. ಆಗ ನನಗೆ ಹದಿಮೂರು, ಅವಳಿಗೆ ಹನ್ನೊಂದು. ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತೆಂದರೆ ಕರೆಂಟು ಹೋಯಿತೆಂದು ಅರ್ಥ. ಕರೆಂಟು ಹೋದರೆ ನಮಗೆ ಸೂಟಿ. ನೂಲಿನ ಅಂಗಡಿಯ ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸ್ ಇತ್ತು, ಅಲ್ಲಿ ಬ್ಯಾಟರಿ ಇತ್ತು. ಊರಿನ ಮಷಿನ್‌ಗಳೆಲ್ಲ ನಿಂತಾಗ ಓಡುತ್ತಿದ್ದುದು ಅದೊಂದೇ. ಕ್ಲಾಸಿನ ಸರ್ ಕುರ್ಚಿಯಲ್ಲಿ ಮಲಗಿರುತ್ತಿದ್ದರು. ಗದ್ದಲ ಮಾಡದಿದ್ದರೆ ಅರ್ಧ ತಾಸು ಆಡಲು ಬಿಡುತ್ತಿದ್ದರು.

ಮೊದಲು ಪಾಳಿಯ ಪ್ರಕಾರ ಆಡುತ್ತಿದ್ದೆವು. ಒಂದು ಸಲ ನಾನು, ಒಂದು ಸಲ ಅವಳು. ಮೂರನೇ ಬಾಗಿಲ ಹಿಂದೆ ನಾಯಿಗಳಿದ್ದವು. ಬಾಗಿಲು ತೆರೆದೊಡನೆ ಮೈಮೇಲೆ ಹಾರುತ್ತಿದ್ದವು. ನಾನು ದಿನಾ ಅಲ್ಲೇ ಸಾಯುತ್ತಿದ್ದೆ. ಒಂದು ದಿನ ಸುವರ್ಣಾ ಏನು ಮಾಡಿದಳು ಗೊತ್ತೇ? ಬಾಗಿಲು ತೆರೆದು ಒಳಗೆ ನುಗ್ಗಲಿಲ್ಲ. ತೆರೆದು, ಹಿಂದಕ್ಕೆ ಸರಿದು ಸುಮ್ಮನೆ ನಿಂತಳು. ನಾಯಿಗಳು ಒಂದೊಂದಾಗಿ ಹೊರಗೆ ಬಂದವು. ಒಂದೊಂದಾಗಿ ಹೊಡೆದಳು. ಆಮೇಲೆ ಓಣಿಯಲ್ಲಿ ಹೋದ ಹಾಗೆ ಒಳಗೆ ಹೋದಳು.

ಸರ್ ಒಂದು ಕಣ್ಣು ತೆರೆದು, "ನಿನ್ನ ತಂಗಿ ಭಾಳ ಹುಷಾರ್ ಅದಾಳಲೇ," ಅಂದರು. ಮತ್ತೆ ಮುಚ್ಚಿದರು.

ಆ ಒಂದು ಕಣ್ಣೇ ಸಾಕಾಯಿತು ನನಗೆ. ಮರುದಿನ ಮೆಟ್ಟಿಲು ಹತ್ತುವಾಗಲೇ ಅಂದೆ, "ಇನ್ನ ಮ್ಯಾಲ ಇಬ್ಬರೂ ಕೂಡಿ ಆಡೂಣು. ನಾ ನೇಯ್ತೀನಿ, ನೀ ಕಂಡಿಕಿ ತುಂಬು. ಆರ್ ಒತ್ತಿಕೋತ ಇದ್ರ ಗುಂಡು ಲಗೂನ ತೀರೂದಿಲ್ಲ."

ಬನಹಟ್ಟಿಯ ಹೊರಗಿನವರಿಗೆ ಒಂದು ಮಾತು. ಲಾಳಿಯೊಳಗೆ ನೂಲು ಸುತ್ತಿದ ಒಂದು ಸಣ್ಣ ಕೊಳವೆ ಇರುತ್ತದೆ. ಅದೇ ಕಂಡಿಕೆ. ಅದು ಖಾಲಿಯಾದರೆ ಮಗ್ಗ ಸುಮ್ಮನೆ ಬಡಿಯುತ್ತದೆ, ಬಟ್ಟೆ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಮಗ್ಗ ನಡೆಸುತ್ತಿದ್ದ, ಅವ್ವ ಮತ್ತು ಸುವರ್ಣಾ ಕಂಡಿಕೆ ಸುತ್ತುತ್ತಿದ್ದರು. ಪಕ್ಕದ ಮನೆಯಲ್ಲೂ ಹಾಗೇ, ಅದರ ಪಕ್ಕದ ಮನೆಯಲ್ಲೂ ಹಾಗೇ. ಒಬ್ಬರು ತುಂಬಿಕೊಡದೆ ಇನ್ನೊಬ್ಬರ ಕೆಲಸ ನಡೆಯುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಂದೂಕಿಗೆ ಮಾತ್ರ ಬೇಡವೇ? ನನ್ನ ಸುಳ್ಳು ಅವಳಿಗೆ ಸುಳ್ಳೆಂದು ಅನ್ನಿಸುವ ದಾರಿಯೇ ಇರಲಿಲ್ಲ.

ಆರ್ ಬಟನ್ನೇ ಯಾಕೆ? ನನ್ನ ಕೈಗಳಿಗೆ ಅಡ್ಡ ಬಾರದ ಜಾಗದಲ್ಲಿತ್ತು, ಅಷ್ಟೇ. ಮುಂದೆ ಆಟ ಮಾಡುವವರೂ ಗುಂಡು ತುಂಬಲು ಅದೇ ಬಟನ್ ಆರಿಸಿಕೊಂಡರು. (ನನ್ನನ್ನೇನೂ ಕೇಳಲಿಲ್ಲ.)

ಪರದೆ ನೋಡಬೇಡ, ಬೆರಳಿನ ಮೇಲೆ ಲಕ್ಷ್ಯ ಇಡು ಎಂದೂ ಹೇಳಿದ್ದೆ. ಅವಳು ಇಟ್ಟಳು. ಕಂಡಿಕೆ ಸುತ್ತುವ ಹದದಲ್ಲೇ ಒಂದೇ ಸಮನೆ ಒತ್ತುತ್ತಿದ್ದಳು. ಒಂದೇ ಒಂದು ಸಲ ಕೇಳಿದಳು.

"ಅಣ್ಣಾ, ಇವತ್ತ ನಾ ಹೊಡೀಲೇನು?"

"ಮತ್ತ ಕಂಡಿಕಿ ಯಾರ ತುಂಬ್ತಾರು?"

"ಅದೂ ಖರೆ," ಅಂದು ಮತ್ತೆ ಒತ್ತತೊಡಗಿದಳು.

ಈ 'ಅದೂ ಖರೆ' ನನಗೆ ಈಗಲೂ ಮಗ್ಗದ ಮುಂದೆ ನಿಂತಾಗ ಕೇಳುತ್ತದೆ.

ಬಾಲ್ಯದ ತುಂಟತನ, ಬಿಟ್ಟುಬಿಡು ಎನ್ನುತ್ತೀರಾ? ನಾನೂ ಬಿಟ್ಟಿದ್ದೆ. ಆದರೆ ಅಂದು ಸಂಜೆ ಉಂಡಿಯ ತಾಟು ಖಾಲಿಯಾಗುವ ಹೊತ್ತಿಗೆ ಐಶ್ವರ್ಯಾ ಒಂದು ಹೊಸ ಸಂಗತಿ ಹೇಳಿದಳು. ಅವಳನ್ನು ಬಿಸಿಎಗೆ ಸೇರಿಸುವ ಮಾತು ಬಂದಾಗ ಮುಧೋಳದ ಮನೆಯಲ್ಲಿ ಅಜ್ಜ ಒಪ್ಪಿರಲಿಲ್ಲವಂತೆ. ಹೆಣ್ಣುಮಗಳಿಗೆ ಕಂಪ್ಯೂಟರ್ ಯಾಕೆ, ನಮ್ಮ ಮನೆಯಲ್ಲಿ ಅದನ್ನು ಮುಟ್ಟಿದವರು ಯಾರಿದ್ದಾರೆ ಅಂದರಂತೆ. ಆಗ ಸುವರ್ಣಾ, ಮಾವನ ಎದುರಿಗೆ ಎಂದೂ ದನಿ ಎತ್ತದವಳು, ಬಾಗಿಲ ಬಳಿ ನಿಂತು ಅಂದಳಂತೆ.

"ನಾ ಮುಟ್ಟೀನ್ರಿ ಮಾವಾರ. ಎರಡು ವರ್ಷ ನಡಿಸೀನಿ. ಅದೇನ ಹುಲಿ ಅಲ್ರಿ."

ಅಜ್ಜ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಡ್ಮಿಷನ್‌ಗೆ ಹೋಗಿ ಬನ್ನಿ ಅಂದರು. (ಮುಧೋಳದ ಹಿರಿಯರೇ, ಈ ವಾರದ ಅಂಕಣವನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಪಕ್ಕದ ಕಬ್ಬಿನ ಸುದ್ದಿ ಓದಿರಿ.)

ಈಗ ಹೇಳಿ. ಇಂಥ ಬಟನ್ ಸುಳ್ಳೆಂದು ಅವಳ ಮಗಳ ಎದುರಿಗೆ ನಾನು ಯಾವ ಬಾಯಿಂದ ಹೇಳಲಿ?

ಹೇಳಬಾರದೆಂದೇ ನಿಶ್ಚಯಿಸಿದೆ. ಉಂಡಿಯ ಜತೆ ನುಂಗಿಬಿಡುವುದು. ನಿಶ್ಚಯಿಸಿ ಇನ್ನೂ ನೀರು ಕುಡಿದಿರಲಿಲ್ಲ, ಐಶ್ವರ್ಯಾ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುತ್ತಿದ್ದವಳು ಅಂದಳು, "ಮಾಮಾ, ನಿಮ್ಮ ಆಟ ಸಿಕ್ತ್ರಿ. ಹಳೇದ. ಇಂಟರ್ನೆಟ್‌ನ್ಯಾಗ ಐತಿ. ನಾಳೆ ಊಟಾ ಆದ ಮ್ಯಾಲ ನೀವು ಮಮ್ಮಿ ಕೂಡಿ ಆಡ್ರಿ, ನಾ ವಿಡಿಯೋ ಮಾಡ್ತೀನಿ."

ಸುವರ್ಣಾ ಹನ್ನೊಂದು ವರ್ಷದವಳ ಹಾಗೆ ಚಪ್ಪಾಳೆ ತಟ್ಟಿದಳು.

ಮರುದಿನ ಬೆಳಗಿನಿಂದ ನಾನು ಕರೆಂಟು ಹೋಗಲೆಂದು ಕಾದೆ. ನೇಕಾರ ಕರೆಂಟು ಹೋಗಲೆಂದು ಬೇಡಿಕೊಂಡದ್ದು ಬಹುಶಃ ಇದೇ ಮೊದಲು. ಹತ್ತೂವರೆಗೆ ಹೋಯಿತು. ಓಣಿಯೆಲ್ಲ ಸುಮ್ಮಗಾಯಿತು. ಖುಷಿಯಿಂದ ಪಡಸಾಲೆಗೆ ಓಡಿದೆ. ಲ್ಯಾಪ್‌ಟಾಪ್ ತಣ್ಣಗೆ ಬೆಳಗುತ್ತಿತ್ತು.

"ನಾಕು ತಾಸು ಬ್ಯಾಟರಿ ಐತ್ರಿ ಮಾಮಾ," ಅಂದಳು ಹುಡುಗಿ.

ಹಾಗಾದರೆ ಮೊದಲೇ, ತಂಗಿ ಒಬ್ಬಳೇ ಇದ್ದಾಗ ಹೇಳಿಬಿಡೋಣ ಎಂದುಕೊಂಡೆ. ಹಿತ್ತಲಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು, ಸುವರ್ಣಾ ಅದರ ಮೇಲಿದ್ದಳು.

"ಸುವ್ವಿ, ಒಂದ ಮಾತು."

ಜೋಕಾಲಿ ದೂರ ಹೋಯಿತು, ಹತ್ತಿರ ಬಂತು.

"ಏನು?"

ಮತ್ತೆ ದೂರ ಹೋಯಿತು. ಹೀಗೆ ಬರುತ್ತ ಹೋಗುತ್ತ ಇರುವ ಮನುಷ್ಯರಿಗೆ ಇಪ್ಪತ್ತೈದು ವರ್ಷದ ಹಳೆಯ ಮಾತು ಹೇಳುವುದು ಹೇಗೆ? ಅರ್ಧ ವಾಕ್ಯ ಇಲ್ಲಿ, ಅರ್ಧ ಅಲ್ಲಿ.

"ಆ ಕಂಪ್ಯೂಟರ್ ಆಟದ್ದು..."

"ಗೊತ್ತೈತಿ, ಗೊತ್ತೈತಿ. ಬೆರಳು ಮರತಿಲ್ಲ ನಾ. ನೀ ನಿಂದ ನೋಡ್ಕೋ, ನಿನ್ನಿ ಹನ್ನೊಂದು ಸಲ ಸತ್ತಿ."

ಊಟವಾಯಿತು. ಕೂತೆವು. ನಾನು ಬಲಕ್ಕೆ, ಅವಳು ಎಡಕ್ಕೆ. ಐಶ್ವರ್ಯಾ ಹಿಂದೆ ಫೋನ್ ಹಿಡಿದು ನಿಂತಳು. ಆಟ ತೆರೆಯಿತು. ಅದೇ ಬೂದು ಗೋಡೆ, ಅದೇ ಮೊದಲ ಬಾಗಿಲು. ಸುಳ್ಳೇಕೆ ಹೇಳಲಿ, ಅರ್ಧ ನಿಮಿಷ ತಪ್ಪು ಗಿಪ್ಪು ಎಲ್ಲ ಮರೆತೇಹೋಯಿತು. ನಾಲ್ಕು ಬಾಣಗಳ ಮೇಲೆ ಬೆರಳು ಬಿದ್ದದ್ದೇ ತಡ, ಹದಿಮೂರರ ಹುಡುಗನಾಗಿ ಹಾರಿದೆ. ಆಕಾಶವಿಲ್ಲ, ಬೂಟಿಲ್ಲ, ದಮ್ಮು ಹತ್ತುವ ಕಾಟವಿಲ್ಲ. ಎರಡು ಬಾಗಿಲು ದಾಟಿದೆ. ಎಡಗಡೆಯಿಂದ ಟಕ್, ಟಕ್, ಟಕ್ ಎಂದು ಅವಳ ಬೆರಳಿನ ಸದ್ದು.

ಪರದೆಯ ಕೆಳಗೆ ಗುಂಡಿನ ಲೆಕ್ಕ ತೋರಿಸುತ್ತಿತ್ತು. ಎಂಟು. ಏಳು. ಆರು. ಐದು.

"ಮಮ್ಮಿ, ಅದು ಏರವಲ್ದಲ್ಲ," ಅಂದಳು ಐಶ್ವರ್ಯಾ.

"ಗಟ್ಟಿ ಒತ್ತಬೇಕದು. ಹಳೇದೈತಿ." ಸುವರ್ಣಾ ಗಟ್ಟಿಯಾಗಿ ಒತ್ತಿದಳು.

ನಾಲ್ಕು. ಮೂರು.

"ಇಲ್ಲ ಮಮ್ಮಿ, ಈ ಆಟದಾಗ ರೀಲೋಡ್ ಅನ್ನೋದ..." ಎಂದವಳು ನನ್ನ ಮುಖ ನೋಡಿದಳು. ಏನು ಕಂಡಳೋ, ಮಾತು ಅಲ್ಲಿಗೇ ನಿಲ್ಲಿಸಿದಳು. ಫೋನ್ ಕೆಳಗಿಳಿಸಿದಳು.

ಸುವರ್ಣಾ ನನ್ನ ಕಡೆ ತಿರುಗಿದಳು. "ಇದು ಕೆಟ್ಟ ಕಾಪಿ ಇರಬೇಕು. ನಮ್ಮ ಮಷಿನ್‌ನ್ಯಾಗ ಏರ್ತಿತ್ತಲ್ಲ ಅಣ್ಣಾ?"

ನೋಡಿ, ದಾರಿ ಅವಳೇ ಮಾಡಿಕೊಟ್ಟಳು. 'ಹೂಂ' ಅಂದರೆ ಮುಗಿಯಿತು. ಯಾರಿಗೂ ನಷ್ಟವಿಲ್ಲ. ಆ ಕ್ಲಾಸ್ ಮುಚ್ಚಿ ಎಷ್ಟೋ ವರ್ಷವಾಯಿತು, ಆ ಮಷಿನ್ ಯಾವ ಗುಜರಿಯಲ್ಲಿದೆಯೋ. ಸಾಕ್ಷಿ ಹೇಳುವವನು ನಾನೊಬ್ಬನೇ. ಆದರೆ ಅವಳ ಬೆರಳು ಇನ್ನೂ ಆರ್ ಮೇಲೆಯೇ ಇತ್ತು. ತುದಿ ಬೆಳ್ಳಗಾಗಿತ್ತು, ಅಷ್ಟು ಒತ್ತಿ ಹಿಡಿದಿದ್ದಳು.

"ಇಲ್ಲ ಸುವ್ವಿ," ಅಂದೆ. "ಏರ್ತಿರಲಿಲ್ಲ. ಆವಾಗೂ ಏರ್ತಿರಲಿಲ್ಲ. ಅದು ಏನೂ ಮಾಡ್ತಿರಲಿಲ್ಲ. ನಾ ಸುಳ್ಳ ಹೇಳಿದ್ದೆ."

"ಯಾಕ?"

"ನೀ ನನಗಿಂತ ಛಲೋ ಆಡ್ತಿದ್ದಿ. ನಾಯಿ ಬಾಗಲಾ ದಾಟಿದ್ದಿ. ಸರ್ ಹೊಗಳಿದ್ರು."

ಕರೆಂಟು ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಮಗ್ಗದ ಸದ್ದಾದರೂ ಇರುತ್ತಿತ್ತು. ಸುವರ್ಣಾ ಆರ್ ಬಟನ್ನನ್ನೇ ನೋಡುತ್ತ ಕೂತಳು. ಮಗಳ ಕಡೆ ತಿರುಗಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿದ್ದೆ, ಅಳುವಿಗೆ ಇರಲಿಲ್ಲ. ಎರಡೂ ಬರಲಿಲ್ಲ. ಬಂದದ್ದು ಒಂದು ಪ್ರಶ್ನೆ.

"ಹಂಗಂದ್ರ ನೀ ಒಬ್ಬಾಂವನ ಆಡಬಹುದಿತ್ತು."

"ಹೂಂ."

"ಮತ್ತ ದಿನಾ ನನ್ನ ಯಾಕ ಎಳಕೊಂಡು ಹೋಗ್ತಿದ್ದಿ? ಕಂಡಿಕಿ ಬಿಟ್ಟು ಬಂದದ್ದಕ್ಕ ಅವ್ವನ ಕಡೆ ಬೈಸಿಕೊಂಡಾಕಿ ನಾನು."

ಇದನ್ನು ಇಪ್ಪತ್ತೈದು ವರ್ಷದಲ್ಲಿ ನಾನೇ ನನಗೆ ಕೇಳಿಕೊಂಡಿರಲಿಲ್ಲ. ಉತ್ತರ ಮಾತ್ರ ಬಾಯಲ್ಲೇ ಕೂತಿತ್ತೋ ಏನೋ, ತಟ್ಟನೆ ಬಂತು.

"ನಾಯಿ ಹಾರಿದಾಗ ಒಬ್ಬಾಂವಗ ಹೆದರಿಕಿ ಆಗ್ತಿತ್ತು."

ಮೊದಲು ನಕ್ಕವಳು ಐಶ್ವರ್ಯಾ. ಆಮೇಲೆ ಸುವರ್ಣಾ. ಅವಳು ನಗತೊಡಗಿದರೆ ನಿಲ್ಲಿಸುವುದಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಅದರಲ್ಲಿ ಎಷ್ಟು ನಗೆಯ ನೀರು, ಎಷ್ಟು ಬೇರೆಯದು ಎಂದು ನಾನು ಕೇಳಲಿಲ್ಲ.

"ಮುಧೋಳದಾಗ ನಮ್ಮ ಮನಿಯೊಳಗ ಖರೇ ಬ್ಯಾಟಿ ನಾಯಿ ಅದಾವು," ಅಂದಳು ಕೊನೆಗೆ. "ಇಂವ ನೋಡಿದ್ರ ಚಿತ್ರದ ನಾಯಿಗೆ ಹೆದರಿ ನನ್ನ ಕೈ ಕಟ್ಟಿ ಕುಂದ್ರಿಸ್ಯಾನ."

"ಮಮ್ಮಿ," ಅಂದಳು ಐಶ್ವರ್ಯಾ, "ಅಜ್ಜಗ ನೀ ಹೇಳಿದ್ದು..."

"ಏನ ಸುಳ್ಳ ಹೇಳೀನಿ? ಮುಟ್ಟೀನಿ ಅಂದಿದ್ದೆ. ಮುಟ್ಟಿಲ್ಲೇನ? ದಿನಾ ಅರ್ಧ ತಾಸು ಮುಟ್ಟೀನಿ."

ಆಮೇಲೆ ಶಿಕ್ಷೆ ವಿಧಿಸಿದಳು. ಎರಡು. ಮೊದಲನೆಯದು, "ಬರೇ ಮನಿಯೊಳಗ ಹೇಳಿದ್ರ ಆಗೂದಿಲ್ಲ. ವಾರಾ ವಾರಾ ಊರ ಮಂದಿದೆಲ್ಲಾ ಬರೀತಿಯಲ್ಲ, ಇದನ್ನೂ ಬರಿ." ಬರೆದಿದ್ದೇನೆ.

ಎರಡನೆಯದು, ಜಾಗ ಬದಲಿ. ಅವಳು ಬಲಕ್ಕೆ ಬಂದಳು, ನಾನು ಎಡಕ್ಕೆ ಸರಿದೆ. ಬಾಣದ ಬಟನ್‌ಗಳ ಮೇಲೆ ಅವಳ ಕೈ ಮೊದಲು ತಡವರಿಸಿತು. ಗೋಡೆಗೆ ಮುಖ ಹಚ್ಚಿ ಎರಡು ನಿಮಿಷ ನಿಂತಳು. ಮೂಲೆಯಲ್ಲಿ ಸಿಕ್ಕಿಬಿದ್ದು ಗರಗರ ತಿರುಗಿದಳು. "ಮಮ್ಮಿ, ಬಲಕ್ಕ. ನಿನ್ನ ಬಲಕ್ಕ," ಎಂದು ಐಶ್ವರ್ಯಾ ಕುಣಿದಾಡಿದಳು. ನಾಲ್ಕು ಸಲ ಸತ್ತಳು. ಐದನೆಯ ಸಲ ಮೂರನೇ ಬಾಗಿಲ ಮುಂದೆ ಬಂದು, ತೆರೆದು, ಹಿಂದಕ್ಕೆ ಸರಿದು ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ. (ನಲವತ್ತರ ಹತ್ತಿರ ಬಂದ ಮೇಲೂ ಆ ನಾಯಿ ನಾಯಿಯೇ.) ತೆರೆದಾಗ ಅವಳು ಒಳಗೆ ಹೋಗಿಯಾಗಿತ್ತು.

ನನ್ನ ಕೈ ತಾನಾಗಿಯೇ ಕಂಟ್ರೋಲ್ ಬಟನ್ ಕಡೆ ಹೋಯಿತು. ಪರದೆಯಿಂದ ಕಣ್ಣು ಕೀಳದೆ ಫಟ್ಟನೆ ನನ್ನ ಕೈಗೆ ಹೊಡೆದಳು.

"ನಿನ್ನ ಕೆಲಸ ನೀ ಮಾಡು. ಆರ್ ಒತ್ತು."

"ಅದರಿಂದ ಏನೂ ಆಗೂದಿಲ್ಲಲ್ಲ ಸುವ್ವಿ."

"ಗೊತ್ತೈತಿ. ಒತ್ತು."

ಪಂಚಮಿಯ ಉಳಿದ ಮೂರು ದಿನ, ದಿನಕ್ಕೆ ಅರ್ಧ ತಾಸು, ತಪ್ಪದೆ ಒತ್ತಿದೆ. ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಒತ್ತುತ್ತ ಕೂಡುವ ಆ ಅರ್ಧ ತಾಸು ಎಷ್ಟು ಉದ್ದ ಇರುತ್ತದೆ, ನಿಮ್ಮಲ್ಲಿ ಯಾವ ಅಣ್ಣನಿಗಾದರೂ ಗೊತ್ತಿದೆಯೇ?